ವಿದೇಶಕ್ಕೆ ಹೊರಟ ಮಗು: ಯಾವ ಶಾಲೆ, ಎಷ್ಟನೆಯ ತರಗತಿ?

ಹುಬ್ಬಳ್ಳಿ-ಧಾರವಾಡದಿಂದ ಉದ್ಯೋಗಕ್ಕಾಗಿ ವಿದೇಶಕ್ಕೆ ತೆರಳುವ ಎಂಜಿನಿಯರ್, ವೈದ್ಯ ಮತ್ತು ದಾದಿಯರ ಕುಟುಂಬಗಳಲ್ಲಿ ವೀಸಾ, ವಿಮಾನದ ಟಿಕೆಟ್, ಅಲ್ಲಿಯ ಬಾಡಿಗೆ ಮನೆ ಎಲ್ಲವೂ ಇತ್ಯರ್ಥವಾದ ಮೇಲೆ ಮಗುವಿನ ಶಾಲೆಯ ಮಾತು ಬರುತ್ತದೆ. ವಾಸ್ತವವಾಗಿ ಅದು ಎಲ್ಲಕ್ಕಿಂತ ಮೊದಲು ಬರಬೇಕಾದ ಮಾತು. ಏಕೆಂದರೆ ಯಾವ ತಿಂಗಳು ಹೊರಡಬೇಕು, ಯಾವ ಬಡಾವಣೆಯಲ್ಲಿ ಮನೆ ಹಿಡಿಯಬೇಕು ಎಂಬ ನಿರ್ಧಾರಗಳನ್ನು ಶಾಲೆಯೇ ಮಾಡಿಸುತ್ತದೆ.

ಇಲ್ಲಿ ನಾಲ್ಕನೆಯ ತರಗತಿ ಪಾಸಾದ ಮಗು ಅಲ್ಲಿ ಐದನೆಯ ತರಗತಿಗೆ ಸೇರುತ್ತದೆ ಎಂದು ಪಾಲಕರು ಸಹಜವಾಗಿಯೇ ಭಾವಿಸುತ್ತಾರೆ. ಆದರೆ ಅಮೆರಿಕ, ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳ ಸರ್ಕಾರಿ ಶಾಲೆಗಳು ಕೆಳಗಿನ ತರಗತಿಗಳಲ್ಲಿ ಮೊದಲು ನೋಡುವುದು ಮಗು ಪಾಸಾದ ತರಗತಿಯನ್ನಲ್ಲ, ಅದರ ಜನ್ಮದಿನಾಂಕವನ್ನು. ಒಂದು ನಿಗದಿತ ದಿನಕ್ಕೆ ಮಗುವಿಗೆ ಎಷ್ಟು ವರ್ಷ ತುಂಬಿದೆ ಎಂಬುದರ ಮೇಲೆ ತರಗತಿ ನಿಶ್ಚಯವಾಗುತ್ತದೆ. ಆ ದಿನ ದೇಶದಿಂದ ದೇಶಕ್ಕೆ, ಎಷ್ಟೋ ವೇಳೆ ಒಂದೇ ದೇಶದ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುತ್ತದೆ.

ತರಗತಿಯ ಸಂಖ್ಯೆ ಪ್ರಾಂತ್ಯ ದಾಟಿದೊಡನೆ ಅರ್ಥ ಬದಲಿಸುವುದು ಈ ಭಾಗದವರಿಗೆ ಹೊಸದೇನೂ ಅಲ್ಲ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಇಲ್ಲಿಯ ಹಿರಿಯರು ಓದಿದ್ದು ‘ಇಯತ್ತೆ’, ಕಟ್ಟಿದ್ದು ‘ಮುಲ್ಕಿ’ ಪರೀಕ್ಷೆ. ಮೈಸೂರು ಕಡೆಯವರಿಗೆ ಅವನ್ನು ಬಿಡಿಸಿ ಹೇಳಬೇಕಾಗುತ್ತಿತ್ತು.

<b>ಒಂದೇ ಮಗು, ಹಲವು ತರಗತಿ</b>

ಕರ್ನಾಟಕದಲ್ಲಿ ಒಂದನೆಯ ತರಗತಿಗೆ ಸೇರಲು ಬಹಳ ವರ್ಷ 5 ವರ್ಷ 5 ತಿಂಗಳು ತುಂಬಿದ್ದರೆ ಸಾಕಿತ್ತು. ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶವಾಯಿತಾದರೂ ಅದರ ಜಾರಿಯನ್ನು 2025-26ಕ್ಕೆ ಮುಂದೂಡಲಾಯಿತು. ಆ ವರ್ಷ ಬಂದಾಗ ಪಾಲಕರ ಒತ್ತಾಯಕ್ಕೆ ಮಣಿದ ಸರ್ಕಾರ, 2025ರ ಏಪ್ರಿಲ್‌ನಲ್ಲಿ, ಯು.ಕೆ.ಜಿ. ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿನ ರಿಯಾಯಿತಿ ಪ್ರಕಟಿಸಿತು. ಹೀಗಾಗಿ ಈಗ ಪ್ರಾಥಮಿಕ ಶಾಲೆಗಳಲ್ಲಿ ಓದುತ್ತಿರುವ ಅನೇಕ ಮಕ್ಕಳು ಆರು ತುಂಬುವ ಮುನ್ನವೇ ಒಂದನೆಯ ತರಗತಿಯಲ್ಲಿ ಕುಳಿತವರು. ವಿದೇಶದಲ್ಲಿ ‘ಒಂದು ವರ್ಷ ಹಿಂದೆ’ ಬೀಳುವವರು ಬಹುಮಟ್ಟಿಗೆ ಇವರೇ.

ಉದಾಹರಣೆಗೆ 2016ರ ಸೆಪ್ಟೆಂಬರ್ 15ರಂದು ಹುಟ್ಟಿದ ಮಗುವನ್ನು ತೆಗೆದುಕೊಳ್ಳಬಹುದು. 2022ರ ಜೂನ್‌ನಲ್ಲಿ ಅದಕ್ಕೆ 5 ವರ್ಷ 8 ತಿಂಗಳು. ಧಾರವಾಡದ ಶಾಲೆಯಲ್ಲಿ ಒಂದನೆಯ ತರಗತಿಗೆ ಸೇರಿದ್ದರೆ 2026-27ರಲ್ಲಿ ಅದು ಐದನೆಯ ತರಗತಿ. ಇದೇ ಮಗು 2026ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾಕ್ಕೋ ಟೆಕ್ಸಾಸ್‌ಗೋ ಹೋದರೆ ಅಲ್ಲಿಯ ಗಡುವು ಸೆಪ್ಟೆಂಬರ್ 1 ಆದ್ದರಿಂದ ನಾಲ್ಕನೆಯ ಗ್ರೇಡ್‌ಗೆ ಸೇರುತ್ತದೆ. ಎರಡು ವಾರ ಮೊದಲು ಹುಟ್ಟಿದ್ದರೆ ಐದನೆಯದು ದೊರೆಯುತ್ತಿತ್ತು. ನ್ಯೂಯಾರ್ಕ್ ನಗರದಲ್ಲಿ ಲೆಕ್ಕ ಕ್ಯಾಲೆಂಡರ್ ವರ್ಷದ್ದು. 2016ರ ಜನವರಿಯಿಂದ ಡಿಸೆಂಬರ್‌ವರೆಗೆ ಹುಟ್ಟಿದವರೆಲ್ಲ ಒಂದೇ ತರಗತಿ. ಆದ್ದರಿಂದ ಅಲ್ಲಿ ಐದನೆಯ ಗ್ರೇಡ್. ಕೆನಡಾದ ಒಂಟಾರಿಯೊದಲ್ಲೂ ಕ್ಯಾಲೆಂಡರ್ ವರ್ಷವೇ ಲೆಕ್ಕ, ಅಲ್ಲಿಯೂ ಐದು.

ಇಂಗ್ಲೆಂಡಿನಲ್ಲಿ ಮಕ್ಕಳು ನಾಲ್ಕು ತುಂಬಿದ ನಂತರದ ಸೆಪ್ಟೆಂಬರ್‌ನಲ್ಲಿ ‘ರಿಸೆಪ್ಷನ್’ ವರ್ಗಕ್ಕೆ, ಐದು ತುಂಬಿದ ಮೇಲೆ ‘ಇಯರ್ 1’ಕ್ಕೆ ಹೋಗುತ್ತಾರೆ. ಗಡುವು ಆಗಸ್ಟ್ 31. ಈ ಮಗು ಅಲ್ಲಿ ‘ಇಯರ್ 5’. ಸಂಖ್ಯೆ ಇಲ್ಲಿಯದೇ ಎನಿಸಿದರೂ ಇಂಗ್ಲೆಂಡಿನ ಇಯರ್ 5 ಅಮೆರಿಕದ ನಾಲ್ಕನೆಯ ಗ್ರೇಡ್‌ಗೆ ಸಮ. ಆರು ತುಂಬಿದ ಮೇಲೆ ಶಾಲೆ ಸೇರಿದ ಕರ್ನಾಟಕದ ಮಗುವಿಗೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಒಂದು ಸಂಖ್ಯೆ ಹೆಚ್ಚೇ ಸಿಗುತ್ತದೆ. ಅದನ್ನು ‘ಡಬಲ್ ಪ್ರಮೋಷನ್’ ಎಂದು ತಿಳಿದು ಊರಲ್ಲಿ ಪೇಢೆ ಹಂಚಿದರೆ ಅದೂ ತಪ್ಪು ಲೆಕ್ಕವೇ.

ಜರ್ಮನಿಯಲ್ಲಿ ವ್ಯತ್ಯಾಸ ಇನ್ನೂ ತೀಕ್ಷ್ಣ. ಡ್ಯೂಸೆಲ್‌ಡಾರ್ಫ್ ಇರುವ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದಲ್ಲಿ ಗಡುವು ಸೆಪ್ಟೆಂಬರ್ 30. ಅಲ್ಲಿ ಈ ಮಗುವಿನ ಓರಗೆಯವರು 2026ರಲ್ಲಿ ಐದನೆಯ ತರಗತಿಗೆ, ಅಂದರೆ ಪ್ರಾಥಮಿಕ ಶಾಲೆ ದಾಟಿ ಪ್ರೌಢ ಹಂತಕ್ಕೆ ಬಂದಿರುತ್ತಾರೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ಗಡುವು ಜೂನ್ 30. ಅಲ್ಲಿ ಅದೇ ವಯಸ್ಸಿನವರು ಸಾಮಾನ್ಯವಾಗಿ ನಾಲ್ಕನೆಯ ತರಗತಿಯಲ್ಲಿ, ಪ್ರಾಥಮಿಕ ಶಾಲೆಯ ಕೊನೆಯ ವರ್ಷದಲ್ಲಿರುತ್ತಾರೆ. ಬವೇರಿಯಾದಲ್ಲಿ ಜುಲೈ 1ರಿಂದ ಸೆಪ್ಟೆಂಬರ್ 30ರ ನಡುವೆ ಆರು ತುಂಬುವ ಮಕ್ಕಳನ್ನು ಆ ವರ್ಷ ಸೇರಿಸಬೇಕೋ ಮುಂದಿನ ವರ್ಷವೋ ಎಂಬುದನ್ನು ಪಾಲಕರ ಇಚ್ಛೆಗೆ ಬಿಡಲಾಗಿದೆ. ಒಂದೇ ಕಂಪನಿಯ ಎರಡು ಕಚೇರಿಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿರುವ ತಂದೆ-ತಾಯಿಗೆ ಇದು ಸಣ್ಣ ಸಂಗತಿಯಲ್ಲ.

ಆಸ್ಟ್ರೇಲಿಯಾದಲ್ಲಿ ಶೈಕ್ಷಣಿಕ ವರ್ಷ ಜನವರಿಯ ಕೊನೆಗೆ ಆರಂಭವಾಗಿ ಡಿಸೆಂಬರ್‌ಗೆ ಮುಗಿಯುತ್ತದೆ. ಗಡುವು ನ್ಯೂ ಸೌತ್ ವೇಲ್ಸ್‌ನಲ್ಲಿ ಜುಲೈ 31, ಕ್ವೀನ್ಸ್‌ಲ್ಯಾಂಡ್‌ನಲ್ಲಿ ಜೂನ್ 30, ವಿಕ್ಟೋರಿಯಾದಲ್ಲಿ ಏಪ್ರಿಲ್ 30. ಸಿಡ್ನಿಗೆ 2026ರ ಆಗಸ್ಟ್‌ನಲ್ಲಿ ತಲುಪಿದರೆ ಮೇಲಿನ ಮಗು ನಾಲ್ಕನೆಯ ವರ್ಷದ ಉತ್ತರಾರ್ಧಕ್ಕೆ ಸೇರಿ ಆರು ತಿಂಗಳೊಳಗೆ ಐದಕ್ಕೆ ಏರುತ್ತದೆ. ನ್ಯೂಜಿಲೆಂಡಿನ ಪದ್ಧತಿ ಇನ್ನೂ ವಿಶಿಷ್ಟ: ಐದನೆಯ ಹುಟ್ಟುಹಬ್ಬ ಕಳೆದೊಡನೆ ವರ್ಷದ ನಡುವೆಯೇ ಶಾಲೆ ಸೇರುವುದು ಅಲ್ಲಿ ರೂಢಿ.

ವಯಸ್ಸಿನ ನಿಯಮವಷ್ಟೇ ಸಾಲದ ಸ್ಥಳವೆಂದರೆ ಸಿಂಗಪುರ. ಹೊರದೇಶದ ಮಕ್ಕಳು ಅಲ್ಲಿಯ ಸರ್ಕಾರಿ ಶಾಲೆಗಳ ಪ್ರಾಥಮಿಕ 2ರಿಂದ 5 ಮತ್ತು ಮಾಧ್ಯಮಿಕ 1ರಿಂದ 3ಕ್ಕೆ ಸೇರಲು ‘ಎ.ಇ.ಐ.ಎಸ್.’ ಎಂಬ ಕೇಂದ್ರೀಕೃತ ಪ್ರವೇಶ ಪರೀಕ್ಷೆ ಬರೆಯಬೇಕು. ಪಾಸಾದರೂ ಸೀಟು ಖಾತ್ರಿಯಿಲ್ಲ. ಆದ್ದರಿಂದ ಅಲ್ಲಿಗೆ ಹೋಗುವವರಲ್ಲಿ ಅನೇಕರು ಭಾರತೀಯ ಪಠ್ಯಕ್ರಮದ ಖಾಸಗಿ ಶಾಲೆಗಳನ್ನೇ ನೆಚ್ಚಿಕೊಳ್ಳುತ್ತಾರೆ.

<b>‘ಹಿಂದ ಹಾಕ್ಯಾರ’ ಎಂಬ ದುಗುಡ</b>

ಮೊಮ್ಮಗ ಐದರ ಬದಲು ನಾಲ್ಕಕ್ಕೆ ಸೇರಿದ ಸುದ್ದಿ ಫೋನಿನಲ್ಲಿ ಬಂದ ದಿನ ಮನೆಯ ಹಿರಿಯರಿಗೆ ಸಮಾಧಾನವಿರುವುದಿಲ್ಲ. “ಹುಡುಗನ್ನ ಒಂದು ವರ್ಷ ಹಿಂದ ಹಾಕ್ಯಾರಂತ” ಎಂಬ ಮಾತು ಓಣಿಗೆಲ್ಲ ಹಬ್ಬುತ್ತದೆ. ಪಾಲಕರು ಅಲ್ಲಿಯ ಶಾಲೆಗೆ ಎಡತಾಕಿ ತರಗತಿ ಏರಿಸುವಂತೆ ಒತ್ತಾಯಿಸುವುದೂ ಉಂಟು.

ಈ ಒತ್ತಾಯ ಬಹುತೇಕ ಸಂದರ್ಭಗಳಲ್ಲಿ ಅನಗತ್ಯ. ಮೇಲಿನ ತರಗತಿಗೆ ಹಾಕಿಸಿಕೊಂಡ ಮಗು ತನಗಿಂತ ಹತ್ತು-ಹನ್ನೆರಡು ತಿಂಗಳು ದೊಡ್ಡವರ ನಡುವೆ, ಹೊಸ ಉಚ್ಚಾರಣೆಯ ಇಂಗ್ಲಿಷಿನಲ್ಲಿ, ಗೆಳೆಯರಿಲ್ಲದೆ ಕೂರಬೇಕಾಗುತ್ತದೆ. ಗಣಿತದಲ್ಲಿ ನಮ್ಮ ಮಕ್ಕಳು ಮುಂದಿರುತ್ತಾರೆಂಬ ಮಾತಿನಲ್ಲಿ ಸತ್ಯಾಂಶವಿದೆ. ಮಗ್ಗಿ, ಭಿನ್ನರಾಶಿ ಇಲ್ಲಿ ಬೇಗ ಬರುತ್ತವೆ. ಆದರೆ ಓದಿದ ಕಥೆಯ ಬಗ್ಗೆ ಸ್ವಂತ ಅಭಿಪ್ರಾಯ ಬರೆಯುವುದು, ಗುಂಪಿನಲ್ಲಿ ಯೋಜನೆ ಮಾಡಿ ಎದ್ದು ನಿಂತು ವಿವರಿಸುವುದು ಅಲ್ಲಿ ದಿನನಿತ್ಯದ ಕೆಲಸ. ಪ್ರಶ್ನೋತ್ತರ ಬಾಯಿಪಾಠ ಮಾಡಿ ಬಂದ ಮಗುವಿಗೆ ಆ ಒಂದು ವರ್ಷ ಉಸಿರಾಡಲು ಸಿಕ್ಕ ಬಿಡುವು. ಗಣಿತ ನಿಜಕ್ಕೂ ಸುಲಭವೆನಿಸಿದರೆ ಇಡೀ ತರಗತಿಯನ್ನು ಏರಿಸುವ ಬದಲು ಆ ವಿಷಯದಲ್ಲಷ್ಟೇ ಮೇಲಿನ ವರ್ಗ ಕೇಳುವುದು ಜಾಣತನ. ಅಮೆರಿಕದ ಆರರಿಂದ ಎಂಟನೆಯ ಗ್ರೇಡ್‌ಗಳಲ್ಲಿ ಗಣಿತಕ್ಕೆ ಹಲವು ಹಂತಗಳ ವರ್ಗಗಳಿರುತ್ತವೆ. ಎಂಟನೆಯದರಲ್ಲೇ ಬೀಜಗಣಿತದ ಪೂರ್ಣ ಪಠ್ಯ ಮುಗಿಸುವ ದಾರಿಯೂ ಇದೆ. ಹೊಸದಾಗಿ ಬಂದ ಮಗುವಿಗೆ ಹಂತ ನಿರ್ಧಾರದ ಪರೀಕ್ಷೆ ಕೊಡಿರೆಂದು ಮೊದಲ ವಾರದಲ್ಲೇ ಕೇಳಬೇಕು. ತಡಮಾಡಿದರೆ ಕೆಳಗಿನ ವರ್ಗದಲ್ಲೇ ವರ್ಷ ಕಳೆಯುತ್ತದೆ.

<b>ಎಚ್ಚರ ಬೇಕಾದ ವರ್ಷಗಳು</b>

ಒಂದರಿಂದ ಆರನೆಯ ತರಗತಿಯವರೆಗಿನ ಮಗುವನ್ನು ಯಾವ ದೇಶಕ್ಕೆ ಕರೆದೊಯ್ದರೂ ಕಲಿಕೆಯ ಹಾನಿ ಬೇಗ ತುಂಬಿಬರುತ್ತದೆ. ಜರ್ಮನಿ ಇದಕ್ಕೆ ಅಪವಾದ. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ನಾಲ್ಕನೆಯ ತರಗತಿಯ ನಂತರವೇ (ಬರ್ಲಿನ್ ಮತ್ತು ಬ್ರಾಂಡೆನ್‌ಬರ್ಗ್‌ಗಳಲ್ಲಿ ಆರರ ನಂತರ) ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ವಿಶ್ವವಿದ್ಯಾಲಯದ ನೇರ ದಾರಿ ‘ಗಿಮ್ನಾಸಿಯಂ’. ಒಂಬತ್ತು-ಹತ್ತರ ವಯಸ್ಸಿನಲ್ಲಿ ಜರ್ಮನ್ ಬಾರದೆ ಬಂದಿಳಿದ ಜಾಣ ಮಗು, ಭಾಷೆಯ ಕಾರಣಕ್ಕೇ ಬೇರೊಂದು ಬಗೆಯ ಶಾಲೆಗೆ ಸೇರುವ ಸಾಧ್ಯತೆ ಇದೆ. ಮುಂದೆ ದಾರಿ ಬದಲಿಸಲು ಅವಕಾಶವಿದೆಯಾದರೂ ಅದು ಸಲೀಸಲ್ಲ. ಬರ್ಲಿನ್ನಿನ ‘ಸ್ವಾಗತ ವರ್ಗ’, ಬಾಡೆನ್-ವ್ಯುರ್ಟೆಂಬರ್ಗ್‌ನ ‘ಪೂರ್ವಸಿದ್ಧತಾ ವರ್ಗ’ಗಳು ಭಾಷೆ ಕಲಿಸಲೆಂದೇ ಇವೆ. ಒಂದೋ ಎರಡನೆಯ ತರಗತಿಯ ವಯಸ್ಸಿಗೆ ಹೋಗುವುದು, ಇಲ್ಲವೆ ಹೊರಡುವ ಮುನ್ನ ಆರು ತಿಂಗಳಾದರೂ ಜರ್ಮನ್ ಕಲಿಸುವುದು ಒಳ್ಳೆಯದು. ಶಾಲೆಗೆ ಹೋಗುವುದು ಅಲ್ಲಿ ಕಾನೂನಿನ ಕಡ್ಡಾಯ. ಮನೆಯಲ್ಲೇ ಓದಿಸುತ್ತೇವೆ, ಆನ್‌ಲೈನ್‌ನಲ್ಲಿ ಸಿ.ಬಿ.ಎಸ್.ಇ. ಮಾಡಿಸುತ್ತೇವೆ ಎಂಬುದು ನಡೆಯುವುದಿಲ್ಲ.

ಇಂಗ್ಲೆಂಡಿನಲ್ಲಿ ತೊಡಕಿನ ವರ್ಷ ಇಯರ್ 11. ಜಿ.ಸಿ.ಎಸ್.ಇ. ಪಠ್ಯವನ್ನು ಇಯರ್ 10 ಮತ್ತು 11ರಲ್ಲಿ ಎರಡು ವರ್ಷದ ಘಟಕವಾಗಿ ಕಲಿಸಲಾಗುತ್ತದೆ. ಇಲ್ಲಿ ಒಂಬತ್ತನೆಯ ತರಗತಿ ಮುಗಿಸಿ ನೇರವಾಗಿ ಇಯರ್ 11ಕ್ಕೆ ಹೋದ ವಿದ್ಯಾರ್ಥಿ ಅರ್ಧ ಪಠ್ಯ ಕೇಳದೆಯೇ ಪರೀಕ್ಷೆಗೆ ಕೂರಬೇಕು. ಬದಲಿಗೆ ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ 16ರ ವಯಸ್ಸಿಗೆ ಇಯರ್ 12ಕ್ಕೆ, ಅಂದರೆ ಎ-ಲೆವೆಲ್‌ಗೆ ಅರ್ಜಿ ಹಾಕುವುದು ಎಷ್ಟೋ ಮೇಲು. ಅಂದಹಾಗೆ ಇಂಗ್ಲೆಂಡಿಗೆ ಕುಟುಂಬ ಒಯ್ಯುವ ಅವಕಾಶವೇ ಕಿರಿದಾಗಿದೆ. 2024ರ ಜನವರಿಯಿಂದ ಆರಂಭವಾದ ಕೋರ್ಸುಗಳಲ್ಲಿ, ಸಂಶೋಧನೆಯವರನ್ನು ಬಿಟ್ಟರೆ, ಸ್ನಾತಕೋತ್ತರ ವಿದ್ಯಾರ್ಥಿಗಳು ಮಕ್ಕಳನ್ನು ಅವಲಂಬಿತರಾಗಿ ಕರೆದೊಯ್ಯುವಂತಿಲ್ಲ. ಅದೇ ವರ್ಷದ ಮಾರ್ಚ್ 11ರಿಂದ ಆರೈಕೆ ಕೆಲಸಗಾರರಿಗೂ ಆ ನಿರ್ಬಂಧ ಬಂದಿತು.

ಅಮೆರಿಕದಲ್ಲಿ ಒಂಬತ್ತನೆಯ ಗ್ರೇಡ್‌ನಿಂದ ಹೈಸ್ಕೂಲು. ಆ ನಾಲ್ಕು ವರ್ಷಗಳ ಪ್ರತಿ ವಿಷಯವೂ ‘ಕ್ರೆಡಿಟ್’ ಆಗಿ ದಾಖಲಾಗಿ ಕಾಲೇಜು ಪ್ರವೇಶದವರೆಗೆ ಬೆನ್ನು ಹತ್ತುತ್ತದೆ. ಇಲ್ಲಿಂದ ಒಂಬತ್ತು ಅಥವಾ ಹತ್ತು ಮುಗಿಸಿ ಹೋದವರ ಅಂಕಪಟ್ಟಿಯನ್ನು ಅಲ್ಲಿಯ ಶಾಲಾ ಸಲಹೆಗಾರರು ಕ್ರೆಡಿಟ್‌ಗಳಾಗಿ ಪರಿವರ್ತಿಸುತ್ತಾರೆ. ಕನ್ನಡ, ಹಿಂದಿ, ಸಂಸ್ಕೃತ ಓದಿದ್ದರೆ ಪರಭಾಷೆಯ ಕ್ರೆಡಿಟ್ ಕೇಳಲು ಮರೆಯಬಾರದು. ವಿಷಯವಾರು ಪಠ್ಯದ ವಿವರವನ್ನು ಇಂಗ್ಲಿಷಿನಲ್ಲಿ ಒಯ್ದವರಿಗೆ ಕೆಲಸ ಹಗುರ.

ಕೊಲ್ಲಿ ರಾಷ್ಟ್ರಗಳ ಭಾರತೀಯ ಶಾಲೆಗಳಲ್ಲಿ ಈ ಯಾವ ಗೊಂದಲವೂ ಇಲ್ಲ ಎನ್ನಬಹುದು. ಸಿ.ಬಿ.ಎಸ್.ಇ. ಪಠ್ಯ, ಏಪ್ರಿಲ್‌ನಲ್ಲಿ ಆರಂಭ, ಇಲ್ಲಿಯ ತರಗತಿಯೇ ಅಲ್ಲಿಯೂ. ಆದರೆ ರಾಜ್ಯ ಪಠ್ಯಕ್ರಮದಲ್ಲಿ ಓದಿದ ಮಗುವಿಗೆ ಎರಡು ಹೊಡೆತಗಳಿವೆ. ಒಂದು, ಕನ್ನಡ ಅಲ್ಲಿ ಎರಡನೆಯ ಭಾಷೆಯಾಗಿ ಸಿಗುವುದು ವಿರಳ; ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅರೇಬಿಕ್ ಕಡ್ಡಾಯ ವಿಷಯ. ಇನ್ನೊಂದು, ಸಿ.ಬಿ.ಎಸ್.ಇ.ಯಲ್ಲಿ ಒಂಬತ್ತನೆಯ ತರಗತಿಗೇ ನೋಂದಣಿಯಾಗುವುದರಿಂದ ಹತ್ತಕ್ಕೆ ನೇರವಾಗಿ ಸೇರಲು ಮಂಡಳಿಯ ಅನುಮತಿ ಬೇಕು. ಒಂಬತ್ತು ಮತ್ತು ಹತ್ತರ ನಡುವೆ ಮಗುವನ್ನು ಕದಲಿಸದಿರುವುದು ಕ್ಷೇಮ. ತಂದೆ ಮೊದಲು ಹೋಗಿ, ಮಗು ಅಜ್ಜ-ಅಜ್ಜಿಯ ಮನೆಯಲ್ಲಿದ್ದು ಹತ್ತನೆಯ ತರಗತಿ ಮುಗಿಸುವ ಏರ್ಪಾಡು ಅವಳಿ ನಗರದ ಅನೇಕ ಮನೆಗಳಲ್ಲಿ ನಡೆದುಬಂದಿದೆ. ಹತ್ತು ತಿಂಗಳ ಮಟ್ಟಿಗೆ ಅದು ಸರಿಯೇ. ಎರಡು-ಮೂರು ವರ್ಷಕ್ಕೆ ಎಳೆದರೆ ಅಂಕಗಳಿಗಾಗಿ ತೆತ್ತ ಬೆಲೆ ಹೆಚ್ಚಾಯಿತೆಂದೇ ಹೇಳಬೇಕು.

<b>ಮೊದಲು ಶಾಲೆ, ನಂತರ ಮನೆ</b>

ಧಾರವಾಡದ ಸಾಧನಕೇರಿಯಲ್ಲಿ ಮನೆ ಮಾಡಿ ಮಗುವನ್ನು ಹುಬ್ಬಳ್ಳಿಯ ಶಾಲೆಗೆ ಕಳಿಸಲು ಇಲ್ಲಿ ಅಡ್ಡಿಯಿಲ್ಲ. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಮನೆಯ ವಿಳಾಸವೇ ಶಾಲೆಯನ್ನು ನಿರ್ಧರಿಸುತ್ತದೆ. ರಸ್ತೆಯ ಈ ಬದಿ ಒಂದು ಶಾಲೆ, ಆ ಬದಿ ಇನ್ನೊಂದು ಆಗಿರಬಹುದು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಆ ವಿಳಾಸ ಯಾವ ಶಾಲೆಗೆ ಸೇರುತ್ತದೆಂದು ಶಾಲಾ ಜಿಲ್ಲೆಯ ಜಾಲತಾಣದಲ್ಲಿ ನೋಡಬೇಕು, ಸೀಟು ತುಂಬಿದ್ದರೆ ಬೇರೆ ಶಾಲೆಗೆ ಕಳಿಸುತ್ತಾರೆಯೇ ಎಂದು ಫೋನು ಮಾಡಿ ಕೇಳಬೇಕು. ಅಲ್ಲಿ ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ವಲಸೆಯ ಸ್ಥಿತಿಯ ಕಾರಣಕ್ಕೆ ಮಗುವನ್ನು ಹೊರಗಿಡುವಂತಿಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 1982ರಲ್ಲಿ ‘ಪ್ಲೈಲರ್ ವಿರುದ್ಧ ಡೋ’ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಇಂಗ್ಲೆಂಡಿನಲ್ಲೂ ಸರ್ಕಾರಿ ಶಾಲೆ ಉಚಿತ. ವರ್ಷದ ನಡುವೆ ಬಂದವರು ಸ್ಥಳೀಯ ಕೌನ್ಸಿಲ್ ಅಥವಾ ಶಾಲೆಯ ಮೂಲಕ ಅರ್ಜಿ ಹಾಕಬೇಕು. ಆಸ್ಟ್ರೇಲಿಯಾದ ಕೆಲವು ರಾಜ್ಯಗಳು ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲೂ ಶುಲ್ಕ ವಿಧಿಸುತ್ತವೆ. ಸಂಬಳದ ಮಾತುಕತೆಯ ಹಂತದಲ್ಲೇ ಇದು ತಿಳಿದಿರಬೇಕು.

ಅಂತರ್ಜಾಲದಲ್ಲಿ ಸಿಗುವ ಹತ್ತಕ್ಕಿಷ್ಟು ಎಂಬ ಶಾಲಾ ಅಂಕಗಳನ್ನು ಕಣ್ಣುಮುಚ್ಚಿ ನಂಬಬಾರದು. ಅಮೆರಿಕದಲ್ಲಿ ಇಂಥ ಅಂಕಗಳಲ್ಲಿ ಪರೀಕ್ಷಾ ಫಲಿತಾಂಶಕ್ಕೇ ಹೆಚ್ಚು ತೂಕ; ಅವು ಶಾಲೆಯ ಗುಣದಷ್ಟೇ ಆ ಬಡಾವಣೆಯ ಆದಾಯವನ್ನೂ ತೋರಿಸುತ್ತವೆ. ಇಂಗ್ಲೆಂಡಿನ ಆಫ್‌ಸ್ಟೆಡ್ ತನಿಖಾ ಸಂಸ್ಥೆ ಸರ್ಕಾರಿ ಶಾಲೆಗಳಿಗೆ ‘ಅತ್ಯುತ್ತಮ’, ‘ಉತ್ತಮ’ ಎಂದು ಒಂದೇ ಪದದ ಒಟ್ಟು ದರ್ಜೆ ಕೊಡುವುದನ್ನು 2024ರ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟಿತು. ಮನೆ ದಲ್ಲಾಳಿಗಳ ಜಾಹೀರಾತಿನಲ್ಲಿ ಹಳೆಯ ದರ್ಜೆ ಇನ್ನೂ ಕಾಣಿಸಿಕೊಂಡರೆ ವರದಿಯ ದಿನಾಂಕ ನೋಡುವುದು ಲೇಸು.

<b>ಮನೆಮಾತು ಯಾವುದು ಎಂಬ ಪ್ರಶ್ನೆ</b>

ಅಮೆರಿಕದ ಶಾಲೆಗಳ ದಾಖಲಾತಿ ಅರ್ಜಿಯೊಂದಿಗೆ ಮನೆಮಾತಿನ ಸಮೀಕ್ಷೆಯ ಹಾಳೆಯೂ ಬರುತ್ತದೆ. ಮನೆಯಲ್ಲಿ ಯಾವ ಭಾಷೆ, ಮಗು ಮೊದಲು ಕಲಿತದ್ದು ಯಾವುದು ಎಂಬ ಪ್ರಶ್ನೆಗಳಿಗೆ ‘ಕನ್ನಡ’ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ನಡೆಯುತ್ತದೆ (ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಎಲ್ಪ್ಯಾಕ್). ಸಾಲದಿದ್ದರೆ ‘ಇಂಗ್ಲಿಷ್ ಕಲಿಯುವವರು’ ಎಂಬ ಪಟ್ಟಿಗೆ ಸೇರಿಸಿ ಹೆಚ್ಚುವರಿ ಪಾಠ ಕೊಡುತ್ತಾರೆ. ಇದನ್ನು ತಪ್ಪಿಸಲೆಂದು ‘ಇಂಗ್ಲಿಷ್’ ಎಂದು ಬರೆದುಬಿಡಿ ಎಂಬ ಸಲಹೆ ಮೊದಲೇ ಹೋದವರಿಂದ ಬರುತ್ತಲೇ ಇರುತ್ತದೆ.

ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ನಿರರ್ಗಳವಾಗಿ ಮಾತನಾಡುವ ಮಗು ಆ ಪರೀಕ್ಷೆಯನ್ನು ದಾಟಿಬಿಡುತ್ತದೆ, ಸುಳ್ಳು ಬೇಕಿಲ್ಲ. ದಾಟದ ಮಗುವಿಗೆ ಆ ಪಾಠ ಬೇಕೇ ಬೇಕು. ಹೊಸ ಭಾಷೆಯಲ್ಲಿ ಆಟದ ಮೈದಾನದ ಮಾತು ಸುಮಾರು ಎರಡು ವರ್ಷದಲ್ಲಿ ಬರುತ್ತದೆ, ಆದರೆ ವಿಜ್ಞಾನ-ಸಮಾಜ ಓದಿ ಬರೆಯುವ ಭಾಷೆ ಕೈಗೆ ಹತ್ತಲು ಐದರಿಂದ ಏಳು ವರ್ಷ ಹಿಡಿಯುತ್ತದೆ ಎಂಬುದು ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1980ರ ದಶಕದ ಆರಂಭದಿಂದ ಪ್ರತಿಪಾದಿಸುತ್ತ ಬಂದ ವಿಚಾರ. ಮೊದಲ ಭಾಷೆಯ ಓದು-ಬರಹ ಗಟ್ಟಿಯಾಗಿದ್ದರೆ ಎರಡನೆಯದೂ ಬೇಗ ಗಟ್ಟಿಯಾಗುತ್ತದೆ ಎಂಬುದೂ ಅವರ ವಾದವೇ. ಕನ್ನಡ ಮಾಧ್ಯಮದಲ್ಲಿ ನಾಲ್ಕು ವರ್ಷ ಓದಿದ ಮಗು ಅದರಿಂದಾಗಿ ಸೋಲುತ್ತದೆಂದು ಹೆದರಬೇಕಾದ್ದಿಲ್ಲ. ಕನ್ನಡ ಮಾಧ್ಯಮದ ಎಂಟು-ಒಂಬತ್ತನೆಯ ತರಗತಿಯವರ ಕಥೆ ಬೇರೆ: ಐದು ವರ್ಷ ಕಾಯಲು ಅವರಿಗೆ ಸಮಯವಿರುವುದಿಲ್ಲ. ಹೊರಡುವ ಒಂದು ವರ್ಷ ಮೊದಲೇ ವಿಜ್ಞಾನ, ಗಣಿತದ ಇಂಗ್ಲಿಷ್ ಪಾರಿಭಾಷಿಕಗಳನ್ನು ಅವರಿಗೆ ರೂಢಿಸಬೇಕು.

<b>ಕಡತದಲ್ಲಿ ಏನೇನಿರಬೇಕು</b>

ರಾಜ್ಯದಲ್ಲಿ ಶಾಲೆ ಮುಗಿಯುವುದು ಏಪ್ರಿಲ್ ಎರಡನೆಯ ವಾರಕ್ಕೆ. ಪೂರ್ಣ ವರ್ಷ ಮುಗಿಸಿ ಫಲಿತಾಂಶ, ವರ್ಗಾವಣೆ ಪತ್ರ ಪಡೆದು ಹೊರಟರೆ ಕಾಗದಪತ್ರ ಸರಳ. ಅಮೆರಿಕ, ಇಂಗ್ಲೆಂಡಿಗೆ ಹೋಗುವವರು ಜುಲೈನಲ್ಲಿ ತಲುಪಿದರೆ ಹೊಸ ವರ್ಷದ ಮೊದಲ ದಿನವೇ ಮಗು ಉಳಿದ ಮಕ್ಕಳೊಡನೆ ತರಗತಿಯಲ್ಲಿ ಕೂರಬಹುದು. ವರ್ಷದ ನಡುವೆ ಹೊರಡುವುದು ಅನಿವಾರ್ಯವಾದರೆ ಮೊದಲ ಸಂಕಲನಾತ್ಮಕ ಮೌಲ್ಯಮಾಪನದ ಅಂಕಗಳನ್ನು ಒಳಗೊಂಡ ವ್ಯಾಸಂಗ ಪ್ರಮಾಣಪತ್ರ ಪಡೆಯಬೇಕು.

ಜನನ ಪ್ರಮಾಣಪತ್ರವನ್ನು ಮೊದಲು ತೆಗೆದು ನೋಡಬೇಕು. ಆಸ್ಪತ್ರೆಯಿಂದ ನೇರವಾಗಿ ನೋಂದಣಿಯಾದ ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿಯೇ ಇರುತ್ತದೆ; ಮ���ಾನಗರ ಪಾಲಿಕೆಯ ನೋಂದಣಿ ವಿಭಾಗದಲ್ಲಿ ಅದನ್ನು ಸೇರಿಸಿಕೊಳ್ಳಬೇಕು. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರಿನ ಪದ್ಧತಿ ಇರುವುದರಿಂದ ಪಾಸ್‌ಪೋರ್ಟಿನ ‘ಸರ್‌ನೇಮ್’ ಕಾಲಂ ತುಂಬಲು ತೊಂದರೆಯಿಲ್ಲ. ಕಾಗುಣಿತದ್ದೇ ತಾಪತ್ರಯ. ಪಾಸ್‌ಪೋರ್ಟಿನಲ್ಲಿ ‘ಕುಲ್ಕರ್ಣಿ’, ಶಾಲೆಯ ದಾಖಲೆಯಲ್ಲಿ ‘ಕುಲಕರ್ಣಿ’ ಎಂದು ಇಂಗ್ಲಿಷ್ ಅಕ್ಷರಗಳು ಬೇರೆಯಾಗಿದ್ದರೆ, ವರ್ಗಾವಣೆ ಪತ್ರ ಬರೆಸುವ ಮುನ್ನವೇ ವಿದ್ಯಾರ್ಥಿಯ ಸ್ಯಾಟ್ಸ್ ದಾಖಲೆಯನ್ನು ತಿದ್ದಿಸಬೇಕು.

ವರ್ಗಾವಣೆ ಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಮಾಡಿಸಿಕೊಳ್ಳುವುದು ಒಳಿತು. ಕೊಲ್ಲಿ ರಾಷ್ಟ್ರಗಳಿಗೆ ಇದರ ಮಹತ್ವ ಹೆಚ್ಚು. ಮುಂದಿನ ಹಂತ ರಾಜ್ಯ ಸರ್ಕಾರದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯದ ಮುದ್ರೆ. 2005ರಿಂದ ಭಾರತ ಸದಸ್ಯನಾಗಿರುವ ಹೇಗ್ ಒಪ್ಪಂದದ ದೇಶಗಳಿಗೆ ಸಾಮಾನ್ಯವಾಗಿ ‘ಅಪೋಸ್ಟಿಲ್’ ಸಾಕು (ಕೆನಡಾದಲ್ಲಿ ಒಪ್ಪಂದ ಜಾರಿಗೆ ಬಂದದ್ದು 2024ರ ಜನವರಿಯಲ್ಲಿ). ಒಪ್ಪಂದಕ್ಕೆ ಸೇರದ ದೇಶಗಳಾದರೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕಾಗುತ್ತದೆ. ಅಮೆರಿಕದ ಪ್ರಾಥಮಿಕ ಶಾಲೆಗೆ ಇಷ್ಟೆಲ್ಲ ಬೇಕಾಗುವುದಿಲ್ಲ. ಜನ್ಮ ದಾಖಲೆ, ವಿಳಾಸದ ಪುರಾವೆ, ಲಸಿಕೆ ಪಟ್ಟಿ, ಹಳೆಯ ಅಂಕಪಟ್ಟಿ ಸಾಕು. ಕನ್ನಡದ ಪತ್ರಗಳಿದ್ದರೆ, ಶಾಲೆಯ ಲೆಟರ್‌ಹೆಡ್‌ನಲ್ಲಿ ಮಗು ಓದಿದ ವರ್ಷಗಳು, ತರಗತಿ, ವಿಷಯಗಳು ಮತ್ತು ಬೋಧನಾ ಮಾಧ್ಯಮವನ್ನು ತಿಳಿಸುವ ಒಂದು ಪುಟದ ಇಂಗ್ಲಿಷ್ ಪತ್ರ ಪಡೆದುಕೊಂಡರೆ ಅಲ್ಲಿ ಅನುವಾದಕರ ಬೆನ್ನು ಹತ್ತುವುದು ತಪ್ಪುತ್ತದೆ.

ಹೆಚ್ಚಿನವರು ಎಡವುವುದು ಲಸಿಕೆಯಲ್ಲಿ. ತಾಯಿ ಕಾರ್ಡಿನಲ್ಲಿ ಎಲ್ಲ ಮನೆಗಳೂ ತುಂಬಿವೆ, ಇನ್ನೇನೂ ಬಾಕಿಯಿಲ್ಲ ಎಂಬ ನಂಬಿಕೆ ಅಮೆರಿಕದ ಶಾಲೆಯ ಬಾಗಿಲಲ್ಲಿ ಮುರಿಯುತ್ತದೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸನ್ನು 9 ತಿಂಗಳಿಗೇ ಕೊಡಲಾಗುತ್ತದೆ. ಅಮೆರಿಕದ ರಾಜ್ಯಗಳು ಸಾಮಾನ್ಯವಾಗಿ ಮೊದಲ ಹುಟ್ಟುಹಬ್ಬದ ನಂತರ ಕೊಟ್ಟ ಡೋಸುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ, ಜೊತೆಗೆ ಮಂಗನಬಾವಿನ ಲಸಿಕೆಯೂ ಸೇರಿದ ಎಂ.ಎಂ.ಆರ್. ಕೇಳುತ್ತವೆ. ಚಿಕನ್‌ಪಾಕ್ಸ್ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ, ಅಲ್ಲಿ ಕೇಳುತ್ತಾರೆ. ಡೋಸುಗಳ ನಡುವೆ ವಾರಗಳ ಅಂತರ ಬೇಕಾಗುವುದರಿಂದ ಹೊರಡುವ ಮೂರು-ನಾಲ್ಕು ತಿಂಗಳು ಮೊದಲೇ ಮಕ್ಕಳ ವೈದ್ಯರನ್ನು ಕಂಡು, ಹೋಗುವ ರಾಜ್ಯದ ಪಟ್ಟಿ ತೋರಿಸಿ, ದಿನಾಂಕ ಸಹಿತ ಇಂಗ್ಲಿಷ್ ಪಟ್ಟಿ ಮಾಡಿಸಿಕೊಳ್ಳಬೇಕು. ಜರ್ಮನಿಯಲ್ಲಿ 2020ರ ಮಾರ್ಚ್‌ನಿಂದ ಶಾಲಾ ಮಕ್ಕಳಿಗೆ ದಡಾರ ಲಸಿಕೆಯ ಪುರಾವೆ ಕಡ್ಡಾಯ. ಇಂಗ್ಲೆಂಡಿನಲ್ಲಿ ಶಾಲಾ ಪ್ರವೇಶಕ್ಕೆ ಲಸಿಕೆಯ ಷರತ್ತಿಲ್ಲ.

<b>ಮರಳಿ ಬರುವ ಲೆಕ್ಕ</b>

ಎರಡು-ಮೂರು ವರ್ಷದ ಪ್ರಾಜೆಕ್ಟಿಗೆ ಹೋಗುವವರು ಹೊರಡುವಾಗಲೇ ಹಾಕಬೇಕಾದ ಲೆಕ್ಕವೊಂದಿದೆ. ಮೇಲಿನ ಉದಾಹರಣೆಯ ಮಗು ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಮತ್ತು ಐದನೆಯ ಗ್ರೇಡ್ ಮುಗಿಸಿ 2028ರ ಜೂನ್‌ನಲ್ಲಿ ಮರಳಿದರೆ ಅದರ ಮುಂದಿನ ತರಗತಿ ಆರು. ಹಳೆಯ ಗೆಳೆಯರು ಆಗ ಏಳರಲ್ಲಿರುತ್ತಾರೆ. ವಯಸ್ಸಿನ ದೃಷ್ಟಿಯಿಂದ ಆರೇ ಅದಕ್ಕೆ ತಕ್ಕ ತರಗತಿ. ಅದಕ್ಕಿಂತ ಕಷ್ಟವಾಗುವುದು ಕನ್ನಡ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ಸಿ.ಬಿ.ಎಸ್.ಇ., ಐ.ಸಿ.ಎಸ್.ಇ. ಸೇರಿ ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕು. 2017-18ರಿಂದ ಅದನ್ನು ಹಂತಹಂತವಾಗಿ ಜಾರಿಗೆ ತರಲಾಯಿತು. ಮನೆಯಲ್ಲಿ ಕನ್ನಡ ಮಾತನಾಡಿದ ಮಗುವೂ ಎರಡು ವರ್ಷ ಬರೆಯದಿದ್ದರೆ ಒತ್ತಕ್ಷರ ಮರೆಯುತ್ತದೆ.

ಹೆಚ್ಚು ಕಾಲ ಉಳಿಯುವವರಿಗೆ ಸಿ.ಇ.ಟಿ. ಅರ್ಹತೆ ಅಡ್ಡ ಬರಬಹುದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮುಖ್ಯ ಕಲಮಿನ ಪ್ರಕಾರ ಸರ್ಕಾರಿ ಕೋಟಾದ ಸೀಟಿಗೆ ಅಭ್ಯರ್ಥಿಯು ಒಂದನೆಯ ತರಗತಿಯಿಂದ ದ್ವಿತೀಯ ಪಿಯುವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು. ಧಾರವಾಡದಲ್ಲಿ ನಾಲ್ಕನೆಯ ತರಗತಿವರೆಗೆ ಓದಿ, ಐದರಿಂದ ಹತ್ತು ವಿದೇಶದಲ್ಲಿ ಮುಗಿಸಿ, ಪಿಯುಗೆ ಮರಳಿದ ವಿದ್ಯಾರ್ಥಿಯ ಲೆಕ್ಕ ನಾಲ್ಕು ಕೂಡಿಸು ಎರಡು, ಒಟ್ಟು ಆರು. ಒಂದು ವರ್ಷದ ಕೊರತೆ. ಪಾಲಕರ ವ್ಯಾಸಂಗ ಮೊದಲಾದವನ್ನು ಆಧರಿಸಿದ ಬೇರೆ ಕಲಮುಗಳೂ ಇರುವುದರಿಂದ ದಾರಿ ಪೂರ್ತಿ ಮುಚ್ಚುವುದಿಲ್ಲ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ನೋಡಲೇಬೇಕು. ಆದರೆ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗಿರುವ ಮೀಸಲಾತಿ, ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರ ಮೀಸಲಾತಿ ನಡುವೆ ಊರು ಬಿಟ್ಟರೆ ಕೈತಪ್ಪುತ್ತವೆ. ಕಲಘಟಗಿ, ಕುಂದಗೋಳ, ನವಲಗುಂದದ ಹಳ್ಳಿಗಳಿಂದ ಹೊರಟ ಕುಟುಂಬಗಳು ಇದನ್ನು ತೂಗಿ ನೋಡಬೇಕು.

ಹನ್ನೆರಡನ್ನೂ ಅಲ್ಲಿಯೇ ಮುಗಿಸಿ ಇಲ್ಲಿಯ ಪದವಿಗೆ ಬರುವವರಿಗೆ ತತ್ಸಮಾನ ಪ್ರಮಾಣಪತ್ರ ಬೇಕು. ಈ ಕೆಲಸ ಬಹುಕಾಲ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಕೈಯಲ್ಲಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ 2025ರ ಏಪ್ರಿಲ್‌ನಲ್ಲಿ ತನ್ನದೇ ನಿಯಮಾವಳಿಯನ್ನು ಹೊರಡಿಸಿದೆ. ಅಲ್ಲಿಯ ಹನ್ನೆರಡರಲ್ಲಿ ಯಾವ ವಿಷಯಗಳನ್ನು ಆರಿಸಿಕೊಳ್ಳಬೇಕು ಎಂಬುದನ್ನು ಇಲ್ಲಿಯ ಕೋರ್ಸಿನ ಅರ್ಹತೆ ನೋಡಿಯೇ ನಿರ್ಧರಿಸಬೇಕು. ವೈದ್ಯಕೀಯಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಇಲ್ಲದಿದ್ದರೆ ನೀಟ್ ಬರೆದೂ ಪ್ರಯೋಜನವಿಲ್ಲ.

ಕನ್ನಡದ ಮಟ್ಟಿಗೆ ಹೊರದೇಶದಲ್ಲೂ ಆಸರೆಗಳಿವೆ. ಅಮೆರಿಕದ ಅನೇಕ ನಗರಗಳ ಕನ್ನಡ ಸಂಘಗಳು ವಾರಾಂತ್ಯದಲ್ಲಿ ‘ಕನ್ನಡ ಕಲಿ’ ತರಗತಿ ನಡೆಸುತ್ತವೆ. ದುಬೈಯಲ್ಲಿ ‘ಕನ್ನಡ ಮಿತ್ರರು’ ನಡೆಸುವ ಪಾಠಶಾಲೆ ಇದೆ. ಅಮೆರಿಕದ ಕೆಲವು ಶಾಲಾ ಜಿಲ್ಲೆಗಳು ಇಂಥ ತರಗತಿಗಳ ಕನ್ನಡ ಕಲಿಕೆಗೆ ಹೈಸ್ಕೂಲಿನ ಪರಭಾಷಾ ಕ್ರೆಡಿಟ್ ಕೊಡುತ್ತವೆ. ಮನೆ ಹುಡುಕುವಾಗ ಶಾಲಾ ಜಿಲ್ಲೆಯ ಹೆಸರಿನ ಜೊತೆಗೆ ಈ ತರಗತಿ ಎಷ್ಟು ಮೈಲಿ ದೂರದಲ್ಲಿದೆ ಎಂಬುದನ್ನೂ ವಿಚಾರಿಸಿಕೊಳ್ಳಬಹುದು.